ಹೊಲಿಗೆಯ ಪಾಲು

ಹೊಲಿಗೆ ಅಜ್ಜಿ ಹೆಸರು ಮರೆಯುತ್ತಿದ್ದಳು, ಅಳತೆ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ "ಚೆನ್ನಾಗಿದ್ದೀರಾ" ಎಂದು ತಡಬಡಾಯಿಸುವಳು. ಅವರು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದರೆ ಸಾಕು, "ಓ, ಹದಿನೇಳೂವರೆ ಭುಜ! ಎಡಗೈ ಅರ್ಧ ಇಂಚು ಉದ್ದ. ಕೋಟು ಹೊಲಿದುಕೊಟ್ಟಿದ್ದೆ" ಎಂದು ಇಪ್ಪತ್ತು ವರ್ಷದ ಹಿಂದಿನದನ್ನು ನಿನ್ನೆಯದೆಂಬಂತೆ ಹೇಳುವಳು. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ಮೂರೇ ವರ್ಷ. ಆಮೇಲಿನ ಲೆಕ್ಕವನ್ನೆಲ್ಲ ಅವಳಿಗೆ ಕಲಿಸಿದ್ದು ಕೊರಳಿಗೆ ಜೋತುಬಿದ್ದ ಟೇಪು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಮೆಷಿನ್ನು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೇಜಿನ ಕೆಳಗೆ ಚಿಂದಿ ತುಂಬಿದ ಚೀಲ. ಆ ಚೀಲಕ್ಕೆ ಒರಗಿಕೊಂಡೇ ಮೊಮ್ಮಗಳು ಬೆಳೆದಿದ್ದಳು. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಕೂಸು ಅಜ್ಜಿಯ ಪಾಲು. ಒಂದು ಕಡೆ ನಿಲ್ಲದೆ ಗಿರ್ರನೆ ಸುತ್ತುವ ಮಗುವಿಗೆ 'ಬಾಬಿನ್' ಎಂದು ಅಡ್ಡಹೆಸರಿಟ್ಟವಳೂ ಅಜ್ಜಿಯೇ. ಮೆಷಿನ್ನಿನ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ಕೂತಿರುತ್ತದಲ್ಲ, ಆ ಬಾಬಿನ್ನು.

ಬಾಬಿನ್ ಎಣಿಸಲು ಕಲಿತದ್ದು ಗುಂಡಿಗಳಲ್ಲಿ. ಅಂಗಿಗೆ ಏಳು ಗುಂಡಿ, ನಾಲ್ಕು ಅಂಗಿ. ಮೇಜಿನ ಮೇಲೆ ಏಳೇಳರ ನಾಲ್ಕು ಸಾಲು ಹೂಡಿ, ಅಡ್ಡಕ್ಕೂ ಉದ್ದಕ್ಕೂ ಎಣಿಸಿ, "ಎಲ್ಲಿಂದ ಎಣಿಸಿದ್ರೂ ಇಪ್ಪತ್ತೆಂಟೇ ಅಜ್ಜಿ!" ಎಂದು ಕುಣಿದಾಗ ಅವಳಿಗೆ ಐದು ವರ್ಷ. ಅರ್ಧ, ಕಾಲು, ಅರೆಕಾಲು ಎಲ್ಲ ಬಟ್ಟೆ ಮಡಿಸಿ ಕಲಿತದ್ದು. ಎರಡು ಮಡಿಕೆ ಯಾರಾದರೂ ಮಾಡಿಯಾರು; ಮೂರು ಸಮಪಾಲು ಮಾಡುವುದು ಕಷ್ಟ. ಅದಕ್ಕೆ ಅಜ್ಜಿಯದೇ ಒಂದು ಉಪಾಯವಿತ್ತು. ಪಟ್ಟಿಯ ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಸಡಿಲವಾಗಿ ಮಡಿಸಿ, ಬೆರಳಲ್ಲಿ ಮೆಲ್ಲಗೆ ಸರಿಸುತ್ತ, "ಜರುಗಿಸು, ಜರುಗಿಸು, ಅಂಚಿಗೆ ಅಂಚು ಮಾತಾಡಲಿ" ಎನ್ನುತ್ತಿದ್ದಳು. ಮೂರು ಪದರದ ಅಂಚೂ ಒಂದೇ ಸಾಲಿಗೆ ಬಂದಾಗ, "ಹಾಂ, ಮಾತಾಡಿದ್ವು. ಈಗ ಒತ್ತು."

ಹೀಗೆ ಸುಖವಾಗಿದ್ದ ಅಜ್ಜಿಯ ಹೊಟ್ಟೆಯಲ್ಲಿ ಹುಳಿ ಹಿಂಡಿದ್ದು ಶಾಲೆಗೆ ಬಂದ ಹೊಸ ಲೆಕ್ಕದ ಮಿಸ್ಸು.

ಮೊದಲ ದಿನವೇ ಬಾಬಿನ್ ಚೀಲ ಎಸೆದು ಉಸಿರು ಬಿಡದೆ ಶುರುಮಾಡಿದಳು. "ಅಜ್ಜಿ, ನಮ್ಮ ಮಿಸ್ಸು ಪುಸ್ತಕಾನೇ ತೆಗೀಲಿಲ್ಲ ಗೊತ್ತಾ? ಬಣ್ಣದ ಕಾಗದದ ಪಟ್ಟಿ ತಂದಿದ್ರು. ಒಂದು ಇಡೀ ಪಟ್ಟಿ, ಅದರ ಕೆಳಗೆ ಎರಡು ಅರ್ಧ, ಅದರ ಕೆಳಗೆ ನಾಲ್ಕು ಕಾಲು. ಕಣ್ಣಲ್ಲೇ ನೋಡಬಹುದು!"

"ನಾನು ಬಟ್ಟೇಲಿ ತೋರಿಸಿದ್ದನ್ನ ಬಾಯಲ್ಲಿ ನೋಡಿದ್ಯಾ?" ಎಂದಳು ಅಜ್ಜಿ.

ಬಾಬಿನ್ ನಕ್ಕಳು. ಅಜ್ಜಿ ತಮಾಷೆ ಮಾಡಿರಲಿಲ್ಲ.

ಮರುದಿನ ಮಿಸ್ಸು ಚೌಕಗಳಲ್ಲಿ ಗುಣಾಕಾರ ಬಿಡಿಸಿದರಂತೆ. ಅದರ ಮರುದಿನ, ಒಂದು ಜಗ್ಗು ನೀರನ್ನು ಲೋಟಗಳಿಗೆ ಹಂಚಿ ಭಾಗಾಕಾರವಂತೆ. ಮನೆಯಿಂದ ದಿನಕ್ಕೊಂದು ಲೆಕ್ಕ ಹುಡುಕಿ ತರಬೇಕಂತೆ: ಮೆಟ್ಟಿಲು ಎಷ್ಟು, ಕಿಟಕಿಯ ಸರಳು ಎಷ್ಟು, ಸೋಪು ಎಷ್ಟು ದಿನಕ್ಕೆ ಸವೆಯುತ್ತದೆ. ಬಾಬಿನ್ ಕೂದಲನ್ನು ಮಿಸ್ಸಿನಂತೆ ಒಂದೇ ಕಡೆಗೆ ಬಾಚತೊಡಗಿದಳು. ಮಾತಿನ ನಡುವೆ ಮಿಸ್ಸಿನಂತೆಯೇ "ಈಗ ನೋಡೋಣ ಬನ್ನಿ" ಎನ್ನತೊಡಗಿದಳು. ಯಾರನ್ನು ಕರೆಯುತ್ತಾಳೆ? ಕೋಣೆಯಲ್ಲಿ ಇರುವುದು ಅಜ್ಜಿ ಒಬ್ಬಳೇ.

ಅಜ್ಜಿ ಒಂದು ಮದ್ದು ಕಂಡುಕೊಂಡಳು. ಬಾಬಿನ್ ಬಾಯಲ್ಲಿ 'ಮಿಸ್' ಬಂದ ಕೂಡಲೇ ಮೆಷಿನ್ನು ತುಳಿಯುವುದು. ಹಳೆಯ ಮೆಷಿನ್ನು, ಒಮ್ಮೆ ಓಡತೊಡಗಿದರೆ ಪಕ್ಕದಲ್ಲಿ ಗುಡುಗಿದರೂ ಕೇಳಿಸದು.

"ಅಜ್ಜಿ, ಇವತ್ತು ಮಿಸ್ಸು ಮೂರು ಪಾಲು ಮಾಡೋಕೆ ಹೋಗಿ, ಆಮೇಲೆ ನಾನು..."

ಕಟಕಟಕಟಕಟ.

"ಅಜ್ಜಿ, ಕೇಳು..."

ಕಟಕಟಕಟ. ಹೊಲಿಯಲು ಬಟ್ಟೆಯೇ ಇಲ್ಲದಿದ್ದರೂ ಒಂದು ಚಿಂದಿಯನ್ನು ಸೂಜಿಯ ಕೆಳಗೆ ನೂಕಿ ತುಳಿಯುವಳು. ಬಾಬಿನ್ ಸ್ವಲ್ಪ ಹೊತ್ತು ಬಾಯಿ ಆಡಿಸಿ, ಸೋತು, ಒಳಗೆ ಹೋಗುವಳು.

ಸಂಜೆ ಬಂದ ಮಗಳು ಆ ಚಿಂದಿಯನ್ನು ಎತ್ತಿ ನೋಡಿದಳು. ಅದರ ತುಂಬ ಹದಿನೈದು ಸಾಲು ಹೊಲಿಗೆ. "ಇದೇನಮ್ಮ, ಯಾರಿಗೆ ಹೊಲಿದಿದ್ದು?"

"ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೆ. ಓಡಿಸಿ ನೋಡಿದೆ."

"ದಿನಾ ಎಣ್ಣೆ ಬಿಡ್ತೀಯಾ? ನೋಡು, ಆ ಮಿಸ್ಸಿಗೆ ಇಪ್ಪತ್ತಾರು ವರ್ಷ. ನಿನಗೆ ಅರವತ್ತೆಂಟು. ನಿಮ್ಮಿಬ್ಬರಿಗೂ ಎಲ್ಲಿಂದೆಲ್ಲಿಯ ಪೈಪೋಟಿ?"

"ಪೈಪೋಟಿಯಂತೆ! ನನಗೇನು ಬೇರೆ ಕೆಲಸ ಇಲ್ವಾ?" ಎಂದು ಅಜ್ಜಿ ಮೂಗು ಮುರಿದಳು. ಆದರೆ ಮಾರನೆಯ ದಿನ, ಎಂದೂ ಹೋಗದವಳು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿದ್ದಳು.

ಬಾಬಿನ್ ಮಿಸ್ಸಿನ ಕೈ ಹಿಡಿದುಕೊಂಡು ಬಂದಳು. ಅಷ್ಟೇ ಆಗಿದ್ದರೆ ಅಜ್ಜಿ ಸಹಿಸುತ್ತಿದ್ದಳೇನೋ. ಆ ಕೈಯನ್ನು ತೂಗುತ್ತ ಬರುತ್ತಿದ್ದಳು, ಮಾರುಕಟ್ಟೆಗೆ ಹೋಗುವಾಗ ಅಜ್ಜಿಯ ಕೈಯನ್ನು ತೂಗುತ್ತಿದ್ದ ಹಾಗೆಯೇ. ಅಜ್ಜಿಯ ಕಣ್ಣು ಮಿಸ್ಸಿನ ಅಂಗಿಯ ಮೇಲೆ ಓಡಿತು. ಕಾಲರು ಬಲಕ್ಕೆ ಎಳೆದಿದೆ. ತೋಳಿನ ಹೊಲಿಗೆ ಸುಕ್ಕುಗಟ್ಟಿದೆ. ಒಂದು ಗುಂಡಿಗೆ ಬೇರೆ ಬಣ್ಣದ ದಾರ. ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು.

"ನೀವೇ ಅಲ್ವಾ ಬಾಬಿನ್ ಅಜ್ಜಿ? ನಿಮ್ಮನ್ನ ನೋಡಬೇಕು ಅಂತ ಎಷ್ಟು ದಿನದಿಂದ..." ಎಂದು ಮಿಸ್ಸು ಮುಖ ಅರಳಿಸಿದಳು.

ಬಾಬಿನ್! ತಾನು ಇಟ್ಟ ಹೆಸರು! ಅದನ್ನೂ ಬಾಚಿಕೊಂಡಾಯಿತು. "ಅಂಗಡಿ ತೆರೆದಿಟ್ಟು ಬಂದಿದೀನಿ ಮಿಸ್" ಎಂದವಳೇ ಅಜ್ಜಿ ಮೊಮ್ಮಗಳ ರಟ್ಟೆ ಹಿಡಿದು ಹೊರಟಳು.

ಹದಿನೈದು ದಿನ ಕಳೆದಿರಬೇಕು. ಬಾಬಿನ್ ಮಿಸ್ಸು ಬರೆದ ಒಂದು ಚೀಟಿ ಹಿಡಿದು ಬಂದಳು. ಶನಿವಾರ ಮನೆಯವರನ್ನೆಲ್ಲ ಶಾಲೆಗೆ ಕರೆದು, ಮಕ್ಕಳು ಲೆಕ್ಕ ಕಲಿತ ರೀತಿಯನ್ನು ತೋರಿಸುತ್ತಾರೆ. ಕಾಗದದ ಪಟ್ಟಿಗಳು ಮಕ್ಕಳ ಕೈಯಲ್ಲಿ ಹರಿದುಹೋಗಿವೆ. ಬಟ್ಟೆಯಲ್ಲಿ ಮಾಡಿದರೆ ಬಾಳಿಕೆ. ಒಟ್ಟು ಆರು ಪಟ್ಟಿ. ಒಂದು ಇಡಿಯದು, ಉಳಿದವು ಎರಡು, ಮೂರು, ನಾಲ್ಕು, ಆರು, ಎಂಟು ತುಂಡು ಜೋಡಿಸಿದವು, ಒಂದೊಂದು ತುಂಡು ಒಂದೊಂದು ಬಣ್ಣ. ಗೋಡೆಗೆ ಒಂದರ ಕೆಳಗೊಂದು ಕಟ್ಟಿದಾಗ ಆರೂ ಒಂದೇ ಉದ್ದ ಇರಬೇಕು.

"ಅಜ್ಜಿ ಹೊಲಿದುಕೊಡ್ತಾಳೆ ಅಂತ ಹೇಳಿಬಿಟ್ಟೆ" ಎಂದಳು ಬಾಬಿನ್. "ಗೋಡೆಗೆ ಕಟ್ಟಿ ವಿವರಿಸೋದು ನಾನೇ. ಎಲ್ಲರ ಮುಂದೆ!"

ಅಜ್ಜಿ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದುಂಡನೆಯ ಅಕ್ಷರ. ಇಡೀ ಪಟ್ಟಿ ತೊಂಬತ್ತಾರು ಸೆಂಟಿಮೀಟರ್. ಅರ್ಧ ನಲವತ್ತೆಂಟು, ಎರಡು ತುಂಡು. ಮೂರನೇ ಒಂದು ಮೂವತ್ತೆರಡು, ಮೂರು ತುಂಡು. ಹೀಗೆಯೇ ಇಪ್ಪತ್ನಾಲ್ಕು, ಹದಿನಾರು, ಹನ್ನೆರಡು.

ಓದಿದ ಕೂಡಲೇ ಅವಳಿಗೆ ತಿಳಿಯಿತು. ಎರಡು ತುಂಡು ಜೋಡಿಸಿದರೆ ಹೊಲಿಗೆ ತನ್ನ ಪಾಲು ತಿನ್ನುತ್ತದೆ. ಆ ಕಡೆಯಿಂದ ಒಂದು ಸೆಂಟಿಮೀಟರ್, ಈ ಕಡೆಯಿಂದ ಒಂದು. ಅದಕ್ಕಾಗಿಯೇ ದರ್ಜಿಗಳು ಬೇಕಾದದ್ದಕ್ಕಿಂತ ಹೆಚ್ಚು ಬಿಟ್ಟು ಕತ್ತರಿಸುವುದು. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಮಾತು ಇದು. ಚೀಟಿಯಲ್ಲಿ ಅದು ಇಲ್ಲ. ಕಾಗದದ ಪಟ್ಟಿಗೆ ಹೊಲಿಗೆ ಎಲ್ಲಿಂದ ಬರಬೇಕು? ಈ ಅಳತೆಗೇ ಕತ್ತರಿಸಿ ಜೋಡಿಸಿದರೆ ತುಂಡು ಹೆಚ್ಚಿದಷ್ಟೂ ಪಟ್ಟಿ ಗಿಡ್ಡವಾಗುತ್ತ ಹೋಗುತ್ತದೆ.

'ಓಹೋ' ಎಂದುಕೊಂಡಳು ಅಜ್ಜಿ. ಎಷ್ಟೋ ದಿನದ ಮೇಲೆ ಎದೆಯೊಳಗೆ ಏನೋ ಹಗುರಾಯಿತು. 'ಎಲ್ಲ ಬಲ್ಲ ಮಿಸ್ಸಿಗೆ ಇದೊಂದು ಗೊತ್ತಿಲ್ಲ.'

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಜ್ಜಿ ಆ ಮಾತನ್ನು ನುಂಗಿಕೊಂಡಳು. ಊರವರೆಲ್ಲ ಸೇರಿದ ಕಡೆ ಮಿಸ್ಸಿನ ಅಳತೆ ಮಿಸ್ಸಿನ ಕಣ್ಣೆದುರೇ ತಪ್ಪಾಗಲಿ. 'ಬಾಬಿನ್ ಓಡಿಬಂದು ಕೇಳ್ತಾಳೆ, ಅಜ್ಜಿ ಯಾಕೆ ಹೀಗಾಯ್ತು ಅಂತ. ಆಗ ಹೇಳ್ತೀನಿ.' ಬರೆದದ್ದು ಮಿಸ್ಸು, ಕತ್ತರಿಸಿದ್ದು ನಾನು. ಇದರಲ್ಲಿ ನನ್ನ ತಪ್ಪೇನು ಎಂದು ತನಗೆ ತಾನೇ ಸಮಜಾಯಿಷಿಯನ್ನೂ ಹೇಳಿಕೊಂಡಳು. ಕತ್ತರಿ ಇಟ್ಟಾಗ ಕೈ ಒಮ್ಮೆ ತಡೆಯಿತು. ನಲವತ್ತೈದು ವರ್ಷದ ಕೈ. ತಾನಾಗಿಯೇ ಒಂದು ಸೆಂಟಿಮೀಟರ್ ಆಚೆಗೆ ಸರಿದಿತ್ತು. ಅದನ್ನು ಎಳೆದುತಂದು ಗೆರೆಯ ಮೇಲೇ ಕೂರಿಸಿ ಕತ್ತರಿಸಿದಳು.

ಹೊಲಿಗೆ ಮಾತ್ರ ಹುಳುಕು ಹುಡುಕಲಾಗದಷ್ಟು ಚೆಂದ. ಒಂದೊಂದು ಪಟ್ಟಿಯನ್ನೂ ಬೇರೆಬೇರೆ ಸುರುಳಿ ಸುತ್ತಿ, ದಾರ ಕಟ್ಟಿಟ್ಟಳು.

"ಬಿಚ್ಚಿ ನೋಡ್ಲಾ?" ಎಂದಳು ಬಾಬಿನ್.

"ಸುಕ್ಕಾಗತ್ತೆ. ಅಲ್ಲೇ ಬಿಚ್ಚುವೆಯಂತೆ."

ಶನಿವಾರ ತರಗತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪಂದಿರು ಮಕ್ಕಳ ಪುಟ್ಟ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಅಜ್ಜಿ ಮಗಳ ಜೊತೆ ಗೋಡೆಗೆ ಒರಗಿ ನಿಂತಳು. ಬಾಬಿನ್ ಒಂದೇ ಕಡೆಗೆ ಬಾಚಿದ ಕೂದಲಲ್ಲಿ, ಸ್ಟೂಲಿನ ಮೇಲೆ ನಿಂತು, ಮೊದಲ ಸುರುಳಿ ಬಿಚ್ಚಿ ಗೋಡೆಗೆ ಪಿನ್ನು ಚುಚ್ಚಿದಳು.

"ಇದು ಒಂದು. ಇಡೀದು. ಈಗ ನೋಡೋಣ ಬನ್ನಿ, ಇದರ ಕೆಳಗೆ ಎರಡು ಅರ್ಧ. ಎರಡು ಅರ್ಧ ಸೇರಿದ್ರೂ ಒಂದೇ."

ಎರಡನೆಯದು ಸ್ವಲ್ಪ ಗಿಡ್ಡ. ಬಾಬಿನ್ ಅದನ್ನು ಎಳೆದು ನೋಡಿ, ಎಡದ ಪಿನ್ನು ತೆಗೆದು ಮತ್ತೆ ಚುಚ್ಚಿದಳು. ಮೂರನೆಯದು ಇನ್ನೂ ಗಿಡ್ಡ. ನಾಲ್ಕನೆಯದಕ್ಕೆ ಅವಳ ದನಿ ಇಳಿಯಿತು. "ನಾಲ್ಕು ಕಾಲು ಸೇರಿದ್ರೂ..." ಎಂದು ಅಲ್ಲೇ ನಿಲ್ಲಿಸಿದಳು. ಆರೂ ಪಟ್ಟಿ ಗೋಡೆಯೇರಿದಾಗ ಬಲಗಡೆ ಮೆಟ್ಟಿಲು ಕೊರೆದಂತಾಗಿತ್ತು. ಎಂಟು ತುಂಡಿನದು ಮುಕ್ಕಾಲು ಗೇಣಿನಷ್ಟು ಹಿಂದೆ ಬಿದ್ದಿತ್ತು.

ಬೀಗ ರಿಪೇರಿಯವನು, ಹಿಂದಿನ ಬೆಂಚಿನ ಹುಡುಗಿಯ ಅಪ್ಪ, ಬಾಯಿಗೆ ಬೀಗವಿಲ್ಲದವನು, ಅಲ್ಲಿಂದಲೇ ಕೂಗಿದ: "ಪಾಪು, ಎಂಟು ಪಾಲು ಮಾಡೋದ್ರೊಳಗೆ ಒಂದು ಪಾಲು ಯಾರೋ ತಿಂದೇಬಿಟ್ರಲ್ಲ!"

ತರಗತಿ ಘೊಳ್ಳೆಂದಿತು. ಕೆಟ್ಟ ನಗುವೇನಲ್ಲ, ಆದರೂ ಸ್ಟೂಲಿನ ಮೇಲೆ ನಿಂತವಳಿಗೆ ನಗು ನಗುವೇ. ಬಾಬಿನ್‌ನ ಕಿವಿ ಕೆಂಪಾಯಿತು. ಅವಳು ಓಡಿಬರಲಿಲ್ಲ, ಯಾಕೆ ಹೀಗಾಯಿತು ಎಂದು ಕೇಳಲೂ ಇಲ್ಲ. ಪಟ್ಟಿಯ ತುದಿಯನ್ನು ಮಗುಚಿ ಹಿಂಬದಿ ನೋಡಿದಳು. ಹೊಲಿಗೆಯೊಳಗೆ ಸಿಕ್ಕಿದ ಬಟ್ಟೆಯನ್ನು ಹೆಬ್ಬೆರಳಲ್ಲಿ ಮುಟ್ಟಿದಳು. ಆಮೇಲೆ ತಲೆಯೆತ್ತಿ, ಅಷ್ಟು ಜನರ ನಡುವೆ ನೇರ ಅಜ್ಜಿಯನ್ನೇ ನೋಡಿದಳು.

ದರ್ಜಿಯ ಮೊಮ್ಮಗಳು, ಅವಳಿಗೆ ಗೊತ್ತಾಗಿಹೋಗಿತ್ತು. ಯಾರ ಮುಖಕ್ಕೆ ಎಂದು ಎಸೆದ ಕಲ್ಲು ಯಾರಿಗೆ ಬಿತ್ತು!

ಮಿಸ್ಸು ಮುಂದೆ ಬಂದು ಸ್ಟೂಲಿನ ಪಕ್ಕ ನಿಂತಳು. "ನಗಬೇಡಿ, ಇದು ಅವಳ ತಪ್ಪಲ್ಲ, ನಂದು. ಅಳತೆ ಬರೆದುಕೊಟ್ಟಿದ್ದು ನಾನು. ಹೊಲಿಗೆಗೆ ಬಟ್ಟೆ ಬಿಡಬೇಕು ಅನ್ನೋದು ನನ್ನ ತಲೆಗೆ ಬರಲೇ ಇಲ್ಲ."

ಎಷ್ಟು ಸಲೀಸಾಗಿ ಹೇಳಿದಳು! ಅಂಗಿಯ ಮೇಲಿನ ಧೂಳು ಕೊಡವಿದ ಹಾಗೆ. ಅದನ್ನು ಕಂಡೂ ಅಜ್ಜಿಗೆ ಹೊಟ್ಟೆ ಉರಿಯಿತು.

"ಅಲ್ಲ, ಅಜ್ಜಿಗೆ ಗೊತ್ತಾಗಲಿಲ್ವಾ? ಇಷ್ಟು ವರ್ಷದ ಕೈ!" ಎಂದು ಬೀಗದವನು ಇತ್ತ ತಿರುಗಿದ. ಎಲ್ಲರೂ ತಿರುಗಿದರು.

"ಅಜ್ಜಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ" ಎಂದಳು ಬಾಬಿನ್, ಸ್ಟೂಲಿನ ಮೇಲಿಂದ. "ಚೀಟಿಯಲ್ಲಿದ್ದ ಹಾಗೇ ಮಾಡು ಅಂತ ನಾನೇ ಹೇಳಿದ್ದೆ."

ಕನ್ನಡಕವಿಲ್ಲದೆ ಸಂಜೆಯ ಬೆಳಕಲ್ಲಿ ಸೂಜಿಗೆ ದಾರ ಪೋಣಿಸುವ ಅಜ್ಜಿ ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲಿದ್ದ ಮಗಳು ಅವಳನ್ನೇ ನೋಡುತ್ತಿದ್ದದ್ದು ಕತ್ತಿನ ಹಿಂದೆ ಚುಚ್ಚುತ್ತಿತ್ತು.

ಮಿಸ್ಸು ಅಲ್ಲಿಗೆ ಬಿಡಲಿಲ್ಲ. "ಸರಿ, ಈಗ ಎಲ್ಲರೂ ಕಾಗದ ತಗೊಳ್ಳಿ. ಮೂರು ಸಮಪಾಲು. ಹೇಗೆ ಮಾಡ್ತೀವಿ?"

"ಅಜ್ಜಿ ಮಡಿಕೆ!" ಎಂದು ಮೂವತ್ತು ಮಕ್ಕಳು ಕೂಗಿದರು.

ಅಜ್ಜಿ ತಲೆಯೆತ್ತಿದಳು. ಮಕ್ಕಳೆಲ್ಲ ಒಂದು ತುದಿ ಮುಂದಕ್ಕೆ, ಒಂದು ತುದಿ ಹಿಂದಕ್ಕೆ ಮಡಿಸಿ, ಬೆರಳಲ್ಲಿ ಸರಿಸುತ್ತ, ಒಂದೇ ರಾಗದಲ್ಲಿ ಹೇಳುತ್ತಿದ್ದರು: "ಜರುಗಿಸು, ಜರುಗಿಸು, ಅಂಚಿಗೆ ಅಂಚು ಮಾತಾಡಲಿ!"

"ಇದನ್ನ ನನಗೂ ಕಲಿಸಿದ್ದು ಬಾಬಿನ್" ಎಂದು ಮಿಸ್ಸು ಅಪ್ಪ ಅಮ್ಮಂದಿರಿಗೆ ಹೇಳಿದಳು. "ನಾನು ಮೂರು ಪಾಲು ಮಾಡೋಕೆ ಹೋಗಿ ಐದು ಕಾಗದ ಹಾಳು ಮಾಡಿದ್ದೆ. ಇವಳೇ ಎದ್ದು ಬಂದು, ನಮ್ಮ ಅಜ್ಜಿ ಹೀಗೆ ಮಾಡ್ತಾಳೆ ಅಂತ ತೋರಿಸಿದಳು."

ಇವತ್ತು ಮಿಸ್ಸು ಮೂರು ಪಾಲು ಮಾಡೋಕೆ ಹೋಗಿ, ಆಮೇಲೆ ನಾನು... ಆ ದಿನದ ಮಾತು ಅಜ್ಜಿಗೆ ನೆನಪಾಯಿತು. ಮಿಕ್ಕದ್ದನ್ನು ಮೆಷಿನ್ನು ತಿಂದಿತ್ತು. ಮೆಷಿನ್ನನ್ನು ಯಾಕೆ ದೂರಬೇಕು. ತುಳಿದದ್ದು ಅವಳ ಕಾಲು.

ಮನೆಗೆ ಬರುವಾಗ ಬಾಬಿನ್ ಹತ್ತು ಹೆಜ್ಜೆ ಮುಂದೆ ನಡೆದಳು. ಬಂದವಳು ಮೇಜಿನ ಕೆಳಗೆ ನುಸುಳಲಿಲ್ಲ, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಅಳತೆ ಕೊಡಲು ಬಂದ ಗಿರಾಕಿಯ ಹಾಗೆ ಕೂತಳು. ಮಗಳು ಒಳಗೆ ಹೋದಳು.

"ನಿನ್ನ ಕಣ್ಣು ಸರಿಯಿದೆ" ಎಂದಳು ಬಾಬಿನ್.

"ಹೂಂ."

"ಹೊಲಿಗೆಯ ಪಾಲು ನೀನು ಯಾವತ್ತೂ ಮರೆಯಲ್ಲ. ನಿದ್ದೆಯಲ್ಲಿ ಕತ್ತರಿಸಿದ್ರೂ ಮರೆಯಲ್ಲ."

"ಮರೀಲಿಲ್ಲ."

"ಮತ್ತೆ?"

ಅಜ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸುಳ್ಳು ಹೇಳಲು ಜಾಗ ಹುಡುಕಿದಳು, ಸಿಗಲಿಲ್ಲ. "ಹೊಟ್ಟೆಕಿಚ್ಚು" ಎಂದಳು.

"ಮಿಸ್ಸಿನ ಮೇಲಾ?" ಬಾಬಿನ್‌ನ ಹುಬ್ಬು ಹಣೆಗೆ ಹೋಯಿತು. "ಇಷ್ಟು ದೊಡ್ಡವಳಿಗೆ, ನಿನಗೆ?"

"ದೊಡ್ಡವರಿಗೆ ಹೊಟ್ಟೆಯೂ ದೊಡ್ಡದು."

ಬಾಬಿನ್ ನಗಲಿಲ್ಲ. "ನನ್ನ ಪಕ್ಕ ಕೂರೋಳ ಮೇಲೆ ನಂಗೂ ಹೊಟ್ಟೆಕಿಚ್ಚು. ಮಿಸ್ಸು ಅವಳ ಅಕ್ಷರ ಚೆನ್ನಾಗಿದೆ ಅಂತಾರೆ. ಆದ್ರೆ ನಾನು ಅವಳ ಪೆನ್ಸಿಲ್ ಮುರೀಲಿಲ್ಲ."

ಅಜ್ಜಿ ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟಳು. "ನಿನ್ನನ್ನ ಅಲ್ಲಿ ನಿಲ್ಲಿಸಿ ಎಲ್ಲರೂ ನಗೋ ಹಾಗೆ ಮಾಡಿಬಿಟ್ಟೆ. ತಪ್ಪಾಯ್ತು ಮಗಳೇ" ಎಂದಳು.

ಬಾಬಿನ್ ಮೂಗೊರೆಸಿಕೊಂಡಳು. "ಮಿಸ್ಸಿಗೆ ನೀನೇ ಹೇಳ್ಬೇಕು. ಅವರು ತಮ್ಮದೇ ತಪ್ಪು ಅಂದ್ಕೊಂಡಿದಾರೆ."

"ಹೇಳ್ತೀನಿ."

"ಪಟ್ಟಿ ಮತ್ತೆ ಹೊಲೀಬೇಕು. ಅಳತೆ ನಾನು ಬರೀತೀನಿ."

ಭಾನುವಾರ ಬೆಳಿಗ್ಗೆ ಬಾಬಿನ್ ಮೇಜಿನ ಮೇಲೆ ಕಾಗದ ಹಾಸಿ ಮಿಸ್ಸು ಕಲಿಸಿದಂತೆ ಚೌಕ ಬಿಡಿಸಿದಳು. ನಾಲ್ಕು ಚೌಕ ಒಂದರ ಪಕ್ಕ ಒಂದು. ಜೋಡಣೆ ಬರುವ ಕಡೆಯಲ್ಲೆಲ್ಲ ಹೊಲಿಗೆಯ ಪಾಲಿಗೆಂದು ಒಂದೊಂದು ಸೆಂಟಿಮೀಟರಿನ ಪುಟ್ಟ ಕಿವಿ. ತುದಿಯ ಚೌಕಕ್ಕೆ ಒಂದೇ ಕಿವಿ, ನಡುವಿನದಕ್ಕೆ ಎರಡು. "ಹಾಗಾದ್ರೆ ತುದಿಯ ತುಂಡು ಇಪ್ಪತ್ತೈದು, ನಡುವಿನದು ಇಪ್ಪತ್ತಾರು. ಎಂಟು ತುಂಡಿನದಕ್ಕೆ ತುದಿಯದು ಹದಿಮೂರು, ನಡುವಿನದು ಹದಿನಾಲ್ಕು. ಸರಿನಾ?"

ಅಜ್ಜಿ ಬಗ್ಗಿ ನೋಡಿದಳು. ನಲವತ್ತೈದು ವರ್ಷ ಅವಳ ಕೈ ಮಾಡುತ್ತ ಬಂದದ್ದನ್ನು ಅವಳ ಕಣ್ಣು ಎಂದೂ ಹೀಗೆ ಕಂಡಿರಲಿಲ್ಲ. ಕಿವಿಯಿರುವ ಚೌಕ! ಎಷ್ಟು ಜನ ಕಲಿಯುವವರಿಗೆ ಇದನ್ನೇ ಬಾಯಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಚಿತ್ರ ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು, ಅದು ಮಿಸ್ಸಿನ ಚಿತ್ರವೆಂದು ನೆನಪಾಗಿ ಮುಚ್ಚಿದಳು. ಆಮೇಲೆ ತೆರೆದಳು. "ಚೆನ್ನಾಗಿದೆ."

ಸೋಮವಾರ ಅಜ್ಜಿ ಶಾಲೆಗೆ ಹೋಗಿ, ಹೊಸದಾಗಿ ಹೊಲಿದ ಸುರುಳಿಗಳನ್ನು ಮಿಸ್ಸಿಗೆ ಕೊಟ್ಟಳು. "ಹೊಲಿಗೆಗೆ ಬಿಡಬೇಕು ಅಂತ ನಂಗೆ ಚೀಟಿ ನೋಡಿದಾಗಲೇ ಗೊತ್ತಿತ್ತು ಮಿಸ್. ಬೇಕಂತಲೇ ಬಿಡಲಿಲ್ಲ. ಬಾಬಿನ್ ಬಾಯಲ್ಲಿ ಬೆಳಿಗ್ಗೆ ಸಂಜೆ ನಿಮ್ಮದೇ ಹೆಸರು. ತಡೆಯೋಕೆ ಆಗ್ಲಿಲ್ಲ."

ಮಿಸ್ಸಿನ ಮುಖದಲ್ಲಿ ನೋವು ಹಾದುಹೋದದ್ದು ಕಂಡಿತು. "ಅವಳಿಗೆ ಅಳು ಬಂದಿತ್ತು ಅಜ್ಜಿ" ಎಂದಳು. ಅಷ್ಟೇ. ಆಮೇಲೆ ಎಂಟು ತುಂಡಿನ ಪಟ್ಟಿಯನ್ನು ಇಡಿಯದರ ಪಕ್ಕ ಹಿಡಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಹೊರಟ ಅಜ್ಜಿ ಬಾಗಿಲಲ್ಲಿ ತಿರುಗಿ, "ಆ ಕಾಲರು ಬಲಕ್ಕೆ ಎಳೀತಿದೆ. ಬಿಡುವಾದಾಗ ತನ್ನಿ, ಸರಿ ಮಾಡಿಕೊಡ್ತೀನಿ" ಎಂದಳು. ಅದು ಪಶ್ಚಾತ್ತಾಪದ ಮಾತೋ, ಒಂದು ಸಣ್ಣ ಚಿವುಟೋ, ಅವಳಿಗೇ ತಿಳಿಯಲಿಲ್ಲ. ಎರಡೂ ಸಮಪಾಲಿನಲ್ಲಿ ಇದ್ದಿರಬೇಕು.

ಆ ವಾರ ಬಾಬಿನ್ ಕುರ್ಚಿಯಲ್ಲೇ ಕೂತಳು. ಅಜ್ಜಿ ಕರೆಯಲಿಲ್ಲ, ಕಾದಳು. ಶುಕ್ರವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಚೀಲ ಎಸೆದು, ಏನೂ ಆಗಿಲ್ಲವೆಂಬಂತೆ ಮೇಜಿನ ಕೆಳಗೆ ನುಸುಳಿದಳು. ಚಿಂದಿಯ ಚೀಲ ಉಸ್ಸೆಂದಿತು.

"ಅಜ್ಜಿ, ಇವತ್ತು ನಮ್ಮ ಮಿಸ್ಸು..."

ಅಜ್ಜಿಯ ಬಲಗಾಲು ತಾನಾಗಿಯೇ ಪೆಡಲಿನ ಮೇಲೆ ಒತ್ತಿತು. ಚಕ್ರ ಅರ್ಧ ಸುತ್ತು ತಿರುಗಿತು. ಹೊಟ್ಟೆಯೊಳಗಿನ ಹುಳಿ ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಅವಳು ಕೈ ಚಾಚಿ ಚಕ್ರವನ್ನು ಹಿಡಿದು ನಿಲ್ಲಿಸಿದಳು. ಪೆಡಲಿನಿಂದ ಕಾಲೆತ್ತಿ ನೆಲಕ್ಕಿಟ್ಟಳು.

"ಹೂಂ, ಹೇಳು. ನಿಮ್ಮ ಮಿಸ್ಸು ಏನು ಮಾಡಿದ್ರು?"